ಮೊದಲ ಅನಿಮೆ ಯಾವುದು ಎಂದು ಕೇಳಿದ ತಪ್ಪಿಗೆ

ಮೊದಲ ಐದು ನಿಮಿಷದಲ್ಲೇ ಮೂರು ತಲೆ ಉರುಳಿದವು. ಮುರಿದ ರೊಟ್ಟಿಯ ತುಂಡು ನನ್ನ ಕೈಯಲ್ಲೇ ಉಳಿಯಿತು.

ನಾಲ್ಕನೇ ಶನಿವಾರ, ಆಫೀಸಿಗೆ ರಜೆ. ಊಟದ ತಾಟು ಮುಂದಿಟ್ಟುಕೊಂಡು, ಐವತ್ಮೂರನೇ ವಯಸ್ಸಿನಲ್ಲಿ, ಜೀವನದ ಮೊಟ್ಟಮೊದಲ ಅನಿಮೆ ನೋಡಲು ಕೂತಿದ್ದೆ. ಅನಿಮೆ ಅಂದರೆ ಜಪಾನಿನವರ ಕಾರ್ಟೂನು. (ಕಾರ್ಟೂನು ಅಂದರೆ ನಮ್ಮ ದಾನುಗೆ ಸಿಟ್ಟು ಬರುತ್ತದೆ. ಬರಲಿ, ಇವತ್ತು ಸಿಟ್ಟಿನ ಪಾಳಿ ನನ್ನದು.)

ದಾನು ಅಂದರೆ ದಾನೇಶ್ವರಿ, ನನ್ನ ಅಕ್ಕನ ಮಗಳು. ಊರು ಸಾರವಾಡ. ಪಿಯುಸಿ ಓದಲು ಇಬ್ರಾಹಿಂಪುರದ ನಮ್ಮ ಮನೆಯಲ್ಲಿದ್ದಾಳೆ. ಬಂದ ಹೊಸದರಲ್ಲಿ ಬಾಯಿ ತುಂಬ ಮಾತು. ಈಚೆಗೆ ಕಾಲೇಜಿನಿಂದ ಬಂದವಳೇ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆ ಹಿಡಿಯುತ್ತಾಳೆ. ಏನು ನೋಡ್ತಿ ಅಂದರೆ "ಅನಿಮೆ" ಎಂಬ ಒಂದೇ ಶಬ್ದ. ಸರಿ, ಅವಳಿಗೆ ಗೊತ್ತಾಗದಂತೆ ನಾನೂ ಒಂದು ನೋಡಿ, ಆಮೇಲೆ ಮಾತಿಗೆ ಎಳೆಯೋಣ ಎಂದುಕೊಂಡೆ. ತಪ್ಪಾ?

ಆಫೀಸಿನಲ್ಲಿ ಸಮೀರ್, ಮಲ್ಲು ಅಂತ ಇಬ್ಬರು ತರುಣ ಸಹೋದ್ಯೋಗಿಗಳು. ಇಬ್ಬರೂ ಅನಿಮೆ ಪಂಡಿತರು. "ಹೊಸಬರು ಮೊದಲಿಗೆ ಯಾವುದು ನೋಡಬೇಕಪಾ?" ಎಂದು ಕೇಳಿದೆ.

ಪ್ರಶ್ನೆ ಇಷ್ಟೇ. ಊಟದ ಬಿಡುವು ಪೂರ್ತಿ ಅವರ ಜಗಳಕ್ಕೇ ಹೋಯಿತು. ಸಮೀರ್ ಹೇಳಿದ್ದಕ್ಕೆ ನೂರಾರು ಎಪಿಸೋಡು. "ಮೊದಲಿನ ಐವತ್ತು ಬ್ಯಾಸರ ಆಗ್ತಾವ್ರಿ ಅಕ್ಕಾರ, ತಡಕೋಬೇಕು." (ಐವತ್ತು! ನನ್ನ ಗಂಡನಿಗೂ ನಾನು ಅಷ್ಟು ಅವಕಾಶ ಕೊಟ್ಟಿರಲಿಲ್ಲ.) ಮಲ್ಲು ನಡುವೆ ಬಾಯಿ ಹಾಕಿದ. "ಅದೆಲ್ಲ ಸಣ್ಣ ಹುಡುಗರಿಗ್ರಿ. ನಾ ಹೇಳಿದ್ದು ನೋಡ್ರಿ. ಇದನ್ನ ತಡಕೊಂಡ್ರಿ ಅಂದ್ರ ಮಾತ್ರ ನೀವು ಅನಿಮೆ ನೋಡೋರು."

ಹಿಂದಿಯಲ್ಲಿ ಡಬ್ ಆಗಿದೆಯಾ ಎಂದೆ. ಅಲ್ಲಿಯವರೆಗೆ ಜಗಳಾಡುತ್ತಿದ್ದವರು ತಟ್ಟನೆ ಒಂದಾದರು. "ಡಬ್ ಏನ್ರೀ! ಜಪಾನಿ ಭಾಷಾದಾಗ ನೋಡ್ರಿ, ಇಲ್ಲಾಂದ್ರ ನೋಡಬ್ಯಾಡ್ರಿ."

ನನಗೇನು ಇಷ್ಟ ಅಂತ ಇಬ್ಬರಲ್ಲಿ ಒಬ್ಬನಾದರೂ ಕೇಳಿದನೇ? ನಮ್ಮೂರ ಗೋಳಗುಮ್ಮಟ ನೋಡಲು ಬಂದವರಿಗೆ ನಾವು ದಾರಿ ತೋರಿಸುತ್ತೇವೋ, ಸುಲ್ತಾನರ ಹೆಸರು ಬಾಯಿಪಾಠ ಒಪ್ಪಿಸಿ ಅನ್ನುತ್ತೇವೋ? ಮೊದಲ ಸಲ ಮನೆಗೆ ಉಣ್ಣಲು ಬಂದವರ ಬಾಯಿಗೆ ಬರೀ ಕೆಂಪು ಮೆಣಸಿನಕಾಯಿಯ ರಂಜಕ ತುರುಕಿ, ಇದನ್ನು ತಡೆದುಕೊಂಡರೆ ಮಾತ್ರ ರೊಟ್ಟಿ ಅನ್ನುತ್ತೇವೆಯೇ?

ತಲೆ ಉರುಳಿದ್ದು ಮಲ್ಲುವಿನ ಆಯ್ಕೆಯಲ್ಲಿ. ಟಿವಿ ಆರಿಸಿದೆ. ಆಮೇಲೆ ನಾನು ಮಾಡಿದ್ದಕ್ಕೆ ಮಾತ್ರ ಮಲ್ಲುವನ್ನು ದೂರುವಂತಿಲ್ಲ. ನಮ್ಮ ಹುಡುಗಿ ದಿನವೂ ನೋಡುವುದು ಈ ರಕ್ತಪಾತವನ್ನೇ ಎಂದು ತೀರ್ಮಾನಿಸಿ, ಕಾಲೇಜಿನಿಂದ ಬಂದವಳ ಮೊಬೈಲ್ ಕಿತ್ತುಕೊಂಡು, ಅಕ್ಕನಿಗೆ ಫೋನ್ ಹಚ್ಚಿ, ಆಫೀಸಿನ ಹುಡುಗರನ್ನು ಕೇಳಿದ್ದರಿಂದ ಹಿಡಿದು ಎಲ್ಲವನ್ನೂ ದಾನುವಿನ ಎದುರೇ ಹೇಳಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ರವಿವಾರ ಮೊದಲ ಬಸ್ಸಿಗೇ ಅಕ್ಕ ಬಂದಳು. "ಸಾಲಿ ಕಲತದ್ದು ಸಾಕು. ಅರಿಬಿ ತುಂಬ್ಕೋ, ಊರಿಗೆ ನಡಿ."

ದಾನು ಅಳಲಿಲ್ಲ. ಬಟ್ಟೆ ತುಂಬಿದ ಬ್ಯಾಗನ್ನು ಬಾಗಿಲಲ್ಲಿಟ್ಟು ನನ್ನತ್ತ ತಿರುಗಿದಳು.

"ಮೌಶಿ, ಯಾರ್ಯಾರನ್ನೋ ಕೇಳಿದಿ. ಒಂದ ಮನ್ಯಾಗ ಇರ್ತೀನಿ, ನನ್ನ ಕೇಳಾಕ ಏನಾಗಿತ್ತು? ನಾ ನೋಡೂದು ಒಂದ್ ಸಲ ಇಬ್ಬರೂ ನೋಡ್ರಿ. ಆಮ್ಯಾಲ ಎಲ್ಲಿ ಬೇಕಾದಲ್ಲಿ ಕರ್ಕೊಂಡ್ ಹೋಗ್ರಿ."

ಮೊಬೈಲ್ ಕೊಟ್ಟೆ.

ಅವಳು ಟಿವಿಗೆ ಹಚ್ಚಿದಳು. ಕಡಲ ದಂಡೆಯ ಸಣ್ಣ ಪಟ್ಟಣ. ಒಬ್ಬ ಅಜ್ಜಿಯ ತಿಂಡಿ ಅಂಗಡಿ. ಹಳ್ಳಿಯಿಂದ ಅಲ್ಲಿಗೆ ಓದಲು ಬಂದ ಮೊಮ್ಮಗಳು. ಶಾಲೆಯಲ್ಲಿ ಅವಳ ಮಾತಿನ ಧಾಟಿಗೆ ನಗುತ್ತಾರೆ; ಅವಳು ಮಾತಾಡುವುದನ್ನೇ ಬಿಡುತ್ತಾಳೆ. ಯಾರ ತಲೆಯೂ ಉರುಳಲಿಲ್ಲ. ಕೆಳಗೆ ಬರುವ ಇಂಗ್ಲಿಷ್ ಸಾಲು ಓದಲು ಬಾರದ ಅಕ್ಕನಿಗೆ ದಾನು ಒಂದೊಂದೇ ಮಾತನ್ನು ನಮ್ಮ ಕನ್ನಡದಲ್ಲಿ ಹೇಳುತ್ತ ಹೋದಳು. ತಿಂಗಳಿಂದ ಅವಳ ಬಾಯಲ್ಲಿ ಅಷ್ಟು ಮಾತು ನಾನು ಕೇಳಿರಲಿಲ್ಲ.

ಎರಡನೇ ಎಪಿಸೋಡಿನ ನಡುವೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದಾನು, ಕಾಲೇಜಿನ್ಯಾಗ ನಿನಗೂ ಹಿಂಗ ನಗತಾರೇನ?"

"ಹೌದಬೇ. ನನ್ನ ಇಂಗ್ಲಿಷ್ ಕೇಳಿ."

ಮನೆಯಲ್ಲೇ ಇದ್ದ ನನಗೆ ಇದು ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಹನ್ನೆರಡರ ಬಸ್ಸು ತಪ್ಪಿತು. ಸಂಜೆಯ ಬಸ್ಸಿಗೆ ಅಕ್ಕ ಒಬ್ಬಳೇ ಹತ್ತಿದಳು. ನಾನು ದಾನುವಿನ ಕ್ಷಮೆ ಕೇಳಿದೆ. "ಇರ್ಲಿ ಬಿಡ ಮೌಶಿ" ಅಂದಳು. ಅಂದರೂ ಎರಡು ದಿನ ಮೊಬೈಲನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗಿದಳು.

ಸೋಮವಾರ ಆಫೀಸಿನಲ್ಲಿ ಇಷ್ಟನ್ನೂ ಹೇಳಿದೆ. ಸಮೀರ್ ತಲೆ ತಗ್ಗಿಸಿದ. ಮಲ್ಲು ನಕ್ಕ. "ಅದು ಖರೇ ಅನಿಮೆ ಅಲ್ರೀ ಅಕ್ಕಾರ. ಹೆಣ್ಮಕ್ಕಳು ನೋಡುವಂಥಾದ್ದು."

ಹೊಸಬರನ್ನು ಒಳಗೆ ಕರೆಯಲು ಬಾರದ ಇಂಥವರಿಗೆ ಬಾಗಿಲು ಕಾಯುವ ಕೆಲಸ ಕೊಟ್ಟವರಾದರೂ ಯಾರು?