ಎರಡು ಮನೆ ಹಾರಿದ ಕಾಲಾಳು

ಕುಷ್ಟಗಿಯಲ್ಲಿ ಡ್ರಿಪ್ ಪೈಪ್ ಮಾರುತ್ತಿದ್ದ ಪರಿಚಯದವರೊಬ್ಬರ ಬಾಯಲ್ಲಿ ಸದಾ ಒಂದೇ ಮಾತು: "ಇರ್ಲಿ ಬಿಡ್ರಿ." ಪೈಪು ಸೀಳಿದೆ ಎಂದು ಗಿರಾಕಿ ರೇಗಿದರೂ ಕನ್ನಡಕ ಹಣೆಗೇರಿಸಿ ಅದನ್ನೇ ಹೇಳಿ, ಬೇರೆ ಪೈಪು ಅಳೆಯುತ್ತಿದ್ದರು.

ಗಂಗಾವತಿಯಿಂದ ನಾನು ಅವರೊಡನೆ ಮೊಬೈಲಿನಲ್ಲಿ ಚೆಸ್ ಆಡುತ್ತಿದ್ದೆ. ಇಬ್ಬರ ಬಳಿಯೂ ಒಂದೊಂದು ಮಣೆ; ದಿನಕ್ಕೊಂದು ನಡೆ, ನಡೆಸಿದ ಮೇಲೆ ಮಣೆಯ ಫೋಟೊ ಕಳಿಸುವುದು. ನನ್ನ ಕಾಲಾಳುಗಳು ಮೊದಲ ನಡೆಗೇ ಎರಡು ಮನೆ ಹಾರಿದರೆ, ಅವರವು ಒಂದೊಂದೇ ಮನೆ ತೆವಳುತ್ತಿದ್ದವು. ಅಂಜುಬುರುಕನ ಆರಂಭ ಎಂದು ಹೆಂಡತಿಯೆದುರು ನಕ್ಕಿದ್ದೆ. ಕೊನೆಗೆ ಸೋತವನು ನಾನೇ.

ಎಲ್ಲಿ ತಪ್ಪಿದೆ ಎಂದು ತಿಳಿಯಲು ಅವರ ಅಂಗಡಿಗೇ ಹೋದೆ. ಮೊದಲ ನಡೆಯಿಂದ ಮತ್ತೆ ಕಾಯಿ ನಡೆಸಿ ನೋಡಿದೆವು. "ನೀವ್ಯಾಕ ಪ್ಯಾದಿ ಎರಡು ಮನಿ ನಡಸಲಿಲ್ರಿ?" ಎಂದು ಅವರ ಕಾಲಾಳು ತೋರಿಸಿದೆ.

ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿದರು. "ನಮ್ಮಪ್ಪಾರು ಒಂದ ಮನಿ ಅಂತ ಕಲಿಸ್ಯಾರ್ರಿ. ನೀವು ಜಿಗಿಸಿದ್ದು ನೋಡಿದ್ನಿ. ಕಲಿತವರು ನೀವು, ಹೆಂಗ ಕೇಳೂದು? ಇರ್ಲಿ ಬಿಡ್ರಿ ಅಂತ ಸುಮ್ನಾದ್ನಿ."

ನನಗೆ ಮುಖ ಎತ್ತಲಾಗಲಿಲ್ಲ. ಎರಡು ಮನೆ ಹಾರುವುದು ಪುಸ್ತಕದ ನಿಯಮವೇ. ಆದರೆ ಸೋತವನು ಈಗ ನಿಯಮ ಹೇಳಿದರೆ ಯಾರು ನಂಬುತ್ತಾರೆ? ಇಡೀ ಆಟ ಅವರು ನನ್ನನ್ನು ಮೋಸಗಾರನೆಂದೇ ತಿಳಿದು ಆಡಿದ್ದರು. ನಾನು ಕಳಿಸಿದ ಪ್ರತಿ ಫೋಟೊದ ಕೆಳಗೆ "ಛಲೋ ಆಡೀರಿ" ಎಂದೂ ಬರೆದಿದ್ದರು.