ಗ್ರಾಫಮ್ಮ ಬದಲಿಸಿದ ಗೆರೆ

ದಿನಾ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಮೊದಲು ಅವಳು ಹಿಂದಿನ ದಿನ ಕೆಟ್ಟುಹೋದ ಹಾಳೆಯೊಂದರ ಬೆನ್ನ ಮೇಲೆ, ಸ್ಕೇಲಿಲ್ಲದೆ, ಪೆನ್ಸಿಲಿನಿಂದ ಒಂದು ಉದ್ದ ಗೆರೆ ಎಳೆಯುತ್ತಾಳೆ. ನೆಟ್ಟಗೆ ಬಂದರೂ ಸರಿ, ಡೊಂಕಾದರೂ ಸರಿ. ಎಳೆಯದೆ ಕೂತರೆ ಕೈಗೆ ಸಮಾಧಾನವಿಲ್ಲ. ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗ್ರಾಫಮ್ಮ ಎಂದೇ.

ಅವಳು ಕಲಿತದ್ದು ಟೈಪಿಂಗ್ ಮಾತ್ರ. ಉಳಿದದ್ದೆಲ್ಲ ತಾನೇ ಕೆದಕಿ ತಿಳಿದದ್ದು. ಪರೀಕ್ಷೆಯಾದ ಪ್ರತಿ ಪಂಪಿಗೂ ಅವಳು ಒಂದು ಗ್ರಾಫ್ ತೆಗೆಯುತ್ತಾಳೆ. ಒಂದು ಗೆರೆ ಮಾದರಿ ಪಂಪಿನದು, ಇನ್ನೊಂದು ಹೊಸ ಪಂಪಿನದು. ಹೊಸದರ ಗೆರೆ ಮೇಲಿದ್ದರೆ ಪಾಸು. ನೋಡಿ ಸಹಿ ಹಾಕುವವರು ಹಿರಿಯ ಪರೀಕ್ಷಕರು, ಇಪ್ಪತ್ತೆಂಟು ವರ್ಷದಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪು ಮಾಡದವರು.

ಆ ತಿಂಗಳು ಅವರು ಮೂರು ಒಳ್ಳೆಯ ಪಂಪುಗಳನ್ನು ಫೇಲು ಮಾಡಿದರು. ಮಾಲೀಕರು ಎಲ್ಲರೆದುರೇ ಅಂದರು: "ಅರಳು ಮರಳು ಶುರುವಾಯ್ತೇನ್ರಿ? ಇನ್ನೊಂದ್ಸಲ ಹೀಗಾದ್ರೆ ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಿ."

ಮಾರನೆಯ ದಿನ ಪರೀಕ್ಷಕರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು, "ಇದ್ರಲ್ಲಿ ನಮ್ಮ ಹೊಸ ಪಂಪು ಯಾವುದಮ್ಮಾ?"

"ಹಸಿರು ಗೆರೆ ಸಾರ್."

"ಹೂಂ, ಹಸಿರು," ಎನ್ನುತ್ತಾ ಅವರ ಬೆರಳು ಕೆಂಪು ಗೆರೆಯ ಮೇಲೆ ಹೋಯಿತು.

ಗ್ರಾಫಮ್ಮ ಹಳೆಯ ಫೈಲು ತೆಗೆದು ನೋಡಿದಳು. ಹಳೆಯ ಸಾಫ್ಟ್‌ವೇರು ಒಂದು ಗೆರೆಯನ್ನು ತುಂಡುತುಂಡಾಗಿ, ಇನ್ನೊಂದನ್ನು ಇಡಿಯಾಗಿ ಎಳೆಯುತ್ತಿತ್ತು. ಹೋದ ತಿಂಗಳು ಬಂದ ಹೊಸದು ತಾನಾಗಿಯೇ ಎರಡನ್ನೂ ತೆಳುವಾಗಿ, ಇಡಿಯಾಗಿ, ಕೆಂಪು ಹಸಿರಿನಲ್ಲಿ ಎಳೆಯುತ್ತದೆ. ಅವರ ಕಣ್ಣಿಗೆ ಆ ಎರಡು ಬಣ್ಣವೂ ಒಂದೇ.

ಆ ಸಂಜೆ ಮನೆಯಲ್ಲಿ ಅತ್ತೆ ಕೇಳಿದರು, "ಏನೇ, ಬಾಯಲ್ಲಿ ಎಳ್ಳುಕಾಳು ನೆನೆಯದವಳು ಇವತ್ತು ಮೂಗಿಯಾಗಿದ್ದೀಯಲ್ಲ!"

"ತಲೆನೋವು ಅತ್ತೆ," ಎಂದಳು.

ಮರುದಿನ ಗ್ರಾಫಿನಲ್ಲಿ ಗೆರೆ ಬದಲಿಸಿದಳು. ಮುಚ್ಚಿ ತೆರೆದರೆ ನಾಯಿಯ ಬಾಲದಂತೆ ಮತ್ತೆ ಅದೇ ಕೆಂಪು ಹಸಿರು! ಊಟ ಬಿಟ್ಟು ಸಹಾಯದ ಪುಟಗಳನ್ನು ಓದಿದಳು. ತೆರೆದೊಡನೆ ಸಾಫ್ಟ್‌ವೇರು ಮೊದಲು ಓದುವ ಫೈಲೊಂದಿದೆ, ಅದರಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ. ನಾಲ್ಕು ಸಾಲು ಬರೆದಳು: ಗೆರೆಗಳೆಲ್ಲ ಕಪ್ಪು, ದಪ್ಪ ಮೊದಲಿನ ಎರಡರಷ್ಟು, ಮೊದಲನೆಯದು ತುಂಡುತುಂಡು, ಎರಡನೆಯದು ಇಡೀ ಗೆರೆ. ದೇವರನ್ನು ನೆನೆದು ಮುಚ್ಚಿ ತೆರೆದಳು. ಉಳಿದಿತ್ತು.

ಫೇಲಾದ ಮೂರೂ ಪಂಪಿನ ಗ್ರಾಫನ್ನು ಹೊಸದಾಗಿ ತೆಗೆದು, ಮಾಲೀಕರು ಇದ್ದಾಗಲೇ ಪರೀಕ್ಷಕರ ಮುಂದಿಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡರು. "ಇಡೀ ಗೆರೆ ನಮ್ದು. ಮೇಲಿದೆ. ಪಾಸು... ಇದೂ ಪಾಸು... ಇದೂನು."

"ಮತ್ತೆ ಅವತ್ತೇನಾಗಿತ್ರಿ?" ಎಂದರು ಮಾಲೀಕರು.

ಗ್ರಾಫಮ್ಮ ನಡುವೆ ಬಾಯಿ ಹಾಕಿದಳು. "ನಾನು ಕೊಟ್ಟ ಹಾಳೆ ಸರಿಯಿರ್ಲಿಲ್ಲ ಸಾರ್. ಎರಡು ಗೆರೇನೂ ಅವಳಿ ಮಕ್ಕಳ ಥರ ಬರ್ತಿತ್ತು."

"ಮೊದ್ಲೇ ಹೇಳೋದಲ್ವೇನಮ್ಮಾ! ಸುಮ್ನೆ ಇವರಿಗೆ ಬೈದೆ," ಎಂದು ಅವರು ಪರೀಕ್ಷಕರ ಬೆನ್ನು ತಟ್ಟಿ ಹೊರಟುಹೋದರು.

ಪರೀಕ್ಷಕರು ಕುರ್ಚಿಗೆ ಒರಗಿದರು. ಆಮೇಲೆ ಮೆಲ್ಲಗೆ ಅಂದರು: "ನನ್ನ ಕಣ್ಣಿನ ವಿಷ್ಯ ನಿಂಗೆ ಗೊತ್ತಾಗಿದೆ ಅಂತ ನಂಗೊತ್ತು. ಮಾಲೀಕರಿಗೆ ಹೇಳಿ ನಿನ್ನನ್ನ ಮೇಲಿನ ಆಫೀಸಿಗೆ ಹಾಕಿಸ್ತೀನಮ್ಮಾ. ಅಲ್ಲಿ ಪಂಪಿನ ಗಲಾಟೆ ಇಲ್ಲ."

"ಬೇಡ ಸಾರ್. ಯಾಕೆ ಅಂತ ಅವ್ರು ಕೇಳೇ ಕೇಳ್ತಾರೆ. ಆಗ ನೀವು ಅದನ್ನೂ ಹೇಳ್ಬೇಕಾಗುತ್ತೆ."