ನೀರೇ ಕೂಡಿಸಿದ್ದು ಎಂದವರು

ನಮ್ಮ ವಿಜ್ಞಾನದ ಮಾಸ್ಟ್ರ ಮೇಲ್ತುಟಿ ಹುಟ್ಟಿನಿಂದಲೇ ಸೀಳಿತ್ತು. ಹೊಲಿಗೆಯ ಗುರುತು ಮೀಸೆಯೊಳಗೂ ಕಾಣುತ್ತಿತ್ತು. ಎರಡು ಕಾಗದಗಳನ್ನು ಎದುರುಬದುರು ಹಿಡಿದು ನಡುವೆ ಊದಿದರೆ ಗಾಳಿಯ ಜೊತೆ ಉಗುಳೂ ಹಾರುತ್ತಿತ್ತು. ಕಾಪುವಿನ ಆ ಶಾಲೆಯಲ್ಲಿ ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಕಾಗದಗಳು ಮಾತ್ರ ದೂರ ಸರಿಯುವ ಬದಲು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

"ನಗಿ, ತೊಂದರೆ ಇಲ್ಲ. ನಡುವೆ ಗಾಳಿಯ ಓಟ ಹೆಚ್ಚಾಯಿತು, ಒತ್ತಡ ಕಡಿಮೆಯಾಯಿತು. ಹೊರಗಿನ ಗಾಳಿ ಎರಡನ್ನೂ ಒಳಗೆ ದೂಡಿತು. ನೀರಿಗೂ ಇದೇ ನಿಯಮ ಉಂಟು" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಇಂಜಿನ್ ದೋಣಿಗಳು ಆಗಷ್ಟೇ ಬಂದಿದ್ದವು. ಮೊದಲು ದಡ ಮುಟ್ಟಿದವನ ಮೀನಿಗೆ ಒಳ್ಳೆಯ ಬೆಲೆ; ಹಾಗಾಗಿ ಉದ್ಯಾವರ ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿಗಳು ಒತ್ತೊತ್ತಾಗಿ ಪೈಪೋಟಿಯ ಮೇಲೆ ಓಡುತ್ತಿದ್ದವು. ತೀರಾ ಹತ್ತಿರ ಬಂದರೆ ಅಂಚಿನಲ್ಲಿ ಕುಳಿತವನು ಕಾಲು ಚಾಚಿ ಪಕ್ಕದ ದೋಣಿಯನ್ನು ದೂಡುವುದು ಹುಟ್ಟು ಹಾಕುವ ಕಾಲದಿಂದ ಬಂದ ರೂಢಿ. ಒಂದು ಬೆಳಿಗ್ಗೆ ಹಾಗೆ ದೂಡಲು ಹೋದ ಮಾಸ್ಟ್ರ ತಮ್ಮ ಎರಡು ದೋಣಿಗಳ ನಡುವೆ ಸಿಕ್ಕಿ ಸತ್ತ. ಪಕ್ಕದ ದೋಣಿಯ ಚುಕ್ಕಾಣಿ ಹಿಡಿದಿದ್ದವರು ನನ್ನ ಅಪ್ಪ.

ಅಪ್ಪ ಬೇಕೆಂದೇ ತಿರುಗಿಸಿದರೆಂದು ಊರೆಲ್ಲ ಗುಲ್ಲು. ಇನ್ನು ಅಪ್ಪನನ್ನು ಕಡಲಿಗೆ ಇಳಿಸಬಾರದೆಂದು ಹಿರಿಯರು ಸಭೆ ಸೇರಿದರು. ಮಾಸ್ಟ್ರು ಎದ್ದು ನಿಂತರು.

"ಇವರು ತಿರುಗಿಸಲಿಲ್ಲ. ಅಷ್ಟು ಹತ್ತಿರ, ಅಷ್ಟು ವೇಗದಲ್ಲಿ ಓಡಿದರೆ ನೀರೇ ಎರಡನ್ನೂ ಕೂಡಿಸುತ್ತದೆ. ಕಾಲಲ್ಲಿ ದೂಡಿದರೆ ನಿಲ್ಲುವುದಿಲ್ಲ. ಪಂಥ ಕಟ್ಟಿ ಓಡಿಸಿದ್ದು ಎರಡೂ ದೋಣಿಯವರು ಅಲ್ವಾ?"

ಅವರ ತಾಯಿ ಅಲ್ಲೇ ಇದ್ದರು. "ತಮ್ಮನ ಹೆಣದ ಮೇಲೆ ನಿಂತು ಪಾಠ ಮಾಡುವುದಾ ನೀನು? ಇನ್ನು ನನ್ನ ಹೊಸ್ತಿಲು ತುಳಿಯಬೇಡ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಪ್ಪ ಕಡಲಿಗೆ ಮರಳಿದರು, ನಾವು ಹೊಟ್ಟೆ ತುಂಬ ಉಂಡೆವು. ಮಾಸ್ಟ್ರು ಬನ್ನಂಜೆಯ ಒಂದು ಬಾಡಿಗೆ ಕೋಣೆ ಸೇರಿದರು. ಹಬ್ಬಕ್ಕೂ ಮನೆಯಿಂದ ಕರೆ ಬರಲಿಲ್ಲ. ಅವರ ಮಾತಿಗೆ ಅಂದು ತಲೆಯಾಡಿಸಿದ ಊರು ಅಳಿವೆಯಲ್ಲಿ ಪಂಥ ಕಟ್ಟುವುದನ್ನು ಒಂದು ದಿನವೂ ಬಿಡಲಿಲ್ಲ. ಆ ಊರಿನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕೆಲವು ವರ್ಷಗಳ ಬಳಿಕ ಅವರು ಆ ಕೋಣೆಯಲ್ಲೇ ತೀರಿಕೊಂಡರು. ಅಪ್ಪ ಹೆಗಲು ಕೊಡಲು ಓಡಿದರು. ಚಟ್ಟದ ಪಕ್ಕದಲ್ಲಿ ಕುಳಿತಿದ್ದ ಆ ತಾಯಿ ತಲೆ ಎತ್ತಿದರು.

"ಮುಟ್ಟಬೇಡ. ಒಬ್ಬನನ್ನು ಕೊಂದೆ. ಇನ್ನೊಬ್ಬನನ್ನು ಬದುಕಿದ್ದಾಗಲೇ ನನ್ನಿಂದ ಕಿತ್ತುಕೊಂಡೆ."

ಅಪ್ಪ ಕೈ ಹಿಂದೆಗೆದರು. ಮೊದಲ ಮಾತಿಗೆ ಮಾಸ್ಟ್ರು ಅಂದೇ ಉತ್ತರ ಕೊಟ್ಟಿದ್ದರು. ಎರಡನೆಯದಕ್ಕೆ ಉತ್ತರ ನಮ್ಮ ಮನೆಯಲ್ಲಿ ಯಾರ ಬಳಿಯೂ ಇಲ್ಲ.